ಉಡಿಯಲ್ಲಿ ಬಂದ ಪಚಡಿ

ಮೈಸೂರು ಕಡೆಯವರಿಗೆ ಪಚಡಿ ಎಂದರೆ ಮೊಸರು ಬೆರೆಸಿದ ಪದಾರ್ಥ. ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಹಾಗಲ್ಲ. ಹಸಿ ಸೊಪ್ಪು, ಹಸಿ ತರಕಾರಿ ಹೆಚ್ಚಿ, ಮೇಲೆ ಹಿಂಡಿ ಉದುರಿಸಿ, ಹಸಿ ಎಣ್ಣೆ ಬಿಟ್ಟು ಕಲಸಿದರೆ ಅದೇ ಪಚಡಿ. ಚಳಿಗಾಲದಲ್ಲಿ ಜೋಳದ ರೊಟ್ಟಿಯ ಪಕ್ಕದಲ್ಲಿ ಅದು ಇರಲೇಬೇಕು. ಹಸಿ ತರಕಾರಿ ತಿನ್ನುವುದನ್ನು ನಮಗೆ ಹೊರಗಿನವರು ಕಲಿಸಿದರೆಂದು ತಿಳಿದವರು ಒಮ್ಮೆ ಈ ತಟ್ಟೆಯನ್ನು ನೋಡಬೇಕು.

ಇದು ಚಳಿಗಾಲದ್ದೇ ಆಗಲು ಕಾರಣ ನಮ್ಮ ಎರೆ ಭೂಮಿ. ಹಿಂಗಾರಿ ಮಳೆಯ ತೇವವನ್ನು ಅದು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಆ ತೇವದಲ್ಲೇ ಬಿಳಿಜೋಳ, ಕಡಲೆ, ಕುಸುಬಿ ಬೆಳೆಯುತ್ತವೆ. ಬೆಳೆಯ ನಡುವೆ ಯಾರೂ ಬಿತ್ತದ ಹಕ್ಕರಕಿ ಸೊಪ್ಪು ನೆಲಕ್ಕೆ ಅಂಟಿಕೊಂಡು ಹರಡುತ್ತದೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಊಟಕ್ಕೆ ಕೂತಾಗ ಬುತ್ತಿಯ ಪಚಡಿಗೆ ಅಲ್ಲೇ ಕಿತ್ತ ಸೊಪ್ಪೂ ಸೇರುತ್ತದೆ.

ಇತಿಹಾಸದ ಪಾಠದಲ್ಲಿ ಪೋರ್ಚುಗೀಸರು ೧೫೧೦ರಲ್ಲಿ ಗೋವೆಯನ್ನು ಹಿಡಿದರೆಂದು ಮಕ್ಕಳಿಗೆ ಬರೆಸುತ್ತೇವೆ. ಅದರ ಗುರುತು ಪಚಡಿಯಲ್ಲೇ ಇದೆ. ಹಸಿಮೆಣಸಿನಕಾಯಿ ಅಮೆರಿಕ ಖಂಡದ್ದು. ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂತು. ಅದಕ್ಕೆ ಮುಂಚೆ ಖಾರಕ್ಕೆ ಕಾಳುಮೆಣಸು, ಶುಂಠಿಗಳೇ ಆಸರೆ. ಶೇಂಗಾದ ತವರು ದಕ್ಷಿಣ ಅಮೆರಿಕ. ಟೊಮ್ಯಾಟೊ ಕೂಡ ಆ ಕಡೆಯದೇ. ಶೇಂಗಾ ಹಿಂಡಿ ಇಲ್ಲದ ಊಟವನ್ನು ಇಂದು ನಾವು ಊಹಿಸಲಾರೆವು; ಆದರೆ ಬಸವಣ್ಣನವರ ಕಾಲದ ಕಲ್ಯಾಣದಲ್ಲಿ ಅದರ ಹೆಸರೇ ಗೊತ್ತಿರಲಿಲ್ಲ.

ಮೂಲಂಗಿ, ಮೆಂತ್ಯ, ಕುಸುಬಿ, ಹೆಸರು ಇವೆಲ್ಲ ಬಹಳ ಹಳೆಯವು. ಬಳ್ಳಾರಿ ಬಳಿಯ ಸಂಗನಕಲ್ಲಿನ ಉತ್ಖನನದಲ್ಲಿ ನವಶಿಲಾಯುಗದ ಸುಟ್ಟ ಹೆಸರುಕಾಳು ಸಿಕ್ಕಿವೆ. ಮೂರೂವರೆ ಸಾವಿರ ವರ್ಷಗಳ ಹಿಂದೆಯೂ ಯಾರದೋ ಒಲೆಯ ಹತ್ತಿರ ಈ ಕಾಳು ಚೆಲ್ಲಿತ್ತು.

ಮಾಡುವ ಬಗೆ ಸರಳ. ನಾಲ್ಕು ಜನರಿಗೆ ಸಣ್ಣ ಎಲೆಯ ಮೆಂತ್ಯದ ಸೊಪ್ಪು ಒಂದು ಸೂಡು ಸಾಕು. ಹಕ್ಕರಕಿ ಸಿಕ್ಕರೆ ಒಂದು ಹಿಡಿ. ಚೆನ್ನಾಗಿ ತೊಳೆದು ನೀರು ಬಸಿದು ಸಣ್ಣಗೆ ಹೆಚ್ಚಬೇಕು. ಒಂದು ಉಳ್ಳಾಗಡ್ಡಿ, ಒಂದು ಎಳೆ ಮೂಲಂಗಿ, ಒಂದು ಗಜ್ಜರಿ, ಒಂದೆರಡು ಹಸಿಮೆಣಸಿನಕಾಯಿ. ಒಂದು ತಾಸು ನೆನೆದ ಹೆಸರುಬೇಳೆ ಅರ್ಧ ಬಟ್ಟಲು. ಆಗತಾನೆ ಸುಲಿದ ಹಸಿ ಕಡಲೆ ಇದ್ದರೆ ಇನ್ನೂ ರುಚಿ. ಮೇಲೆ ಎರಡು ಚಮಚ ಗುರೆಳ್ಳು ಹಿಂಡಿ ಇಲ್ಲವೆ ಶೇಂಗಾ ಹಿಂಡಿ, ಒಂದು ಚಮಚ ಹಸಿ ಕುಸುಬಿ ಎಣ್ಣೆ. ಉಪ್ಪು ಮಾತ್ರ ತಟ್ಟೆಗೆ ಬಡಿಸುವಾಗ. ಮೊದಲೇ ಹಾಕಿದರೆ ಸೊಪ್ಪು ನೀರು ಬಿಟ್ಟು ಮೆತ್ತಗಾಗುತ್ತದೆ. ಬೇಳೆ, ಕಾಳು, ಎಣ್ಣೆಬೀಜ ಎಲ್ಲ ಸೇರುವುದರಿಂದ ಇದು ಬರಿಯ ನಂಜಿಕೊಳ್ಳುವ ಪದಾರ್ಥವಲ್ಲ. ಎರಡು ರೊಟ್ಟಿಯ ಜೊತೆ ತಿಂದರೆ ಸಂಜೆಯವರೆಗೆ ಹಸಿವಿನ ಮಾತಿಲ್ಲ.

ಕನ್ನಡ ನಾಡಿನಲ್ಲಿ ಅಡುಗೆಯ ಬಗ್ಗೆ ಬರೆದವರಿಗೆ ಕೊರತೆಯಿಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಸೂಪಶಾಸ್ತ್ರದ ಭಾಗವಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಅರಸ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆಸಿದ. ಮುಂದೆ ಮೂರನೆಯ ಮಂಗರಸ ಕನ್ನಡದಲ್ಲಿ 'ಸೂಪಶಾಸ್ತ್ರ'ವನ್ನೇ ರಚಿಸಿದ. ಎಲ್ಲರೂ ಗಂಡಸರು, ಹೆಚ್ಚಾಗಿ ಅರಮನೆಯ ನಂಟಿನವರು. ಅವರ ಉಪಕಾರ ದೊಡ್ಡದು. ಆದರೆ ಇಬ್ಬನಿಯಲ್ಲಿ ಕಾಲು ತೋಯಿಸಿಕೊಂಡು ಕಳೆ ಕೀಳುತ್ತಾ, ತಿನ್ನುವ ಸೊಪ್ಪು ಯಾವುದು, ಬಿಸಾಡುವ ಕಳೆ ಯಾವುದು ಎಂದು ಬೆರಳಿನಲ್ಲೇ ಬೇರ್ಪಡಿಸಿದ ಹೆಂಗಸಿನ ಹೆಸರು ಯಾವ ಗ್ರಂಥದಲ್ಲೂ ಇಲ್ಲ. ಕೂಲಿಯ ಜೊತೆಗೆ ಅವಳು ಉಡಿಯಲ್ಲಿ ಕಟ್ಟಿ ತಂದ ಸೊಪ್ಪೇ ಮನೆಯ ಮಕ್ಕಳ ರೊಟ್ಟಿಗೆ ಜೊತೆಯಾಗುತ್ತಿತ್ತು. ಆ ವಿದ್ಯೆ ತಾಯಿಯಿಂದ ಮಗಳಿಗೆ ಹೊಲದಲ್ಲೇ ದಾಟಿತು.

ಈಗ ಆ ದಾಟುವಿಕೆ ನಿಲ್ಲುತ್ತಿದೆ. ನೀರಾವರಿ ಬಂದ ಕಡೆ ಜೋಳದ ಹೊಲ ಕಬ್ಬಿನ ಗದ್ದೆಯಾಗಿದೆ. ನೀರು ಬೇಡವೆನ್ನಲು ನಾನು ಯಾರು? ಬರ ಉಂಡ ನೆಲ ಇದು. ೧೮೭೬ರಿಂದ ೧೮೭೮ರವರೆಗಿನ ಕ್ಷಾಮ ಈ ಸೀಮೆಯ ಊರೂರುಗಳನ್ನು ಬರಿದು ಮಾಡಿತ್ತು. ಆದರೆ ಕಳೆನಾಶಕ ಸಿಂಪಡಿಸಿದಾಗ ಅದಕ್ಕೆ ಹಕ್ಕರಕಿಯೂ ಕಳೆಯೇ. ಕಳೆ ಕೀಳುವ ಕೈಗಳು ಹೊಲದಿಂದ ಹೊರಗುಳಿದರೆ ಸೊಪ್ಪಿನ ಗುರುತೂ ಹೊರಗೇ ಉಳಿಯುತ್ತದೆ.

ಪೇಟೆಯಲ್ಲಿರುವ ನಾವು ಹೊಲವನ್ನು ಬದಲಿಸಲಾರೆವು. ಆದರೆ ಚಳಿಗಾಲದ ಸಂತೆಯಲ್ಲಿ ಗೋಣಿತಾಟಿನ ಮೇಲೆ ನಾಲ್ಕು ಗುಡ್ಡೆ ಸೊಪ್ಪು ಇಟ್ಟುಕೊಂಡು ಕೂತ ಅಜ್ಜಿ ಇನ್ನೂ ಕಾಣಸಿಗುತ್ತಾಳೆ. ಚೌಕಾಸಿ ಮಾಡದೆ ಕೊಳ್ಳೋಣ. "ಇದು ಯಾವ ಸೊಪ್ಪು ಬೇ, ಹೆಂಗ ಮಾಡೂದು?" ಎಂದು ಕೇಳೋಣ. ಹಾಲಿನ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ಆ ಸೊಪ್ಪಿನ ಹೆಸರಿನ ಜೊತೆ ಅವಳ ಹೆಸರನ್ನೂ ಬರೆದಿಡೋಣ.