ಬಿನ್ನಿ, ಸ್ಟುವರ್ಟ್

(ಜನನ 3 ಜೂನ್ 1984, ಬೆಂಗಳೂರು). ಕರ್ನಾಟಕದ ಆಲ್‌ರೌಂಡರ್. 1983ರ ವಿಶ್ವಕಪ್‌ನಲ್ಲಿ 18 ವಿಕೆಟ್ ಪಡೆದು ಅಗ್ರಸ್ಥಾನದಲ್ಲಿದ್ದ ರೋಜರ್ ಬಿನ್ನಿಯವರ ಮಗ. 2003–04ರಲ್ಲಿ ರಣಜಿಗೆ ಕಾಲಿಟ್ಟರೂ ತಂಡದಲ್ಲಿ ನೆಲೆಯೂರಲಿಲ್ಲ. 2007ರಲ್ಲಿ ಬಿಸಿಸಿಐ ಮಾನ್ಯತೆಯಿಲ್ಲದ ಇಂಡಿಯನ್ ಕ್ರಿಕೆಟ್ ಲೀಗ್ ಸೇರಿ, ಹೈದರಾಬಾದ್ ಹೀರೋಸ್ ಪರ ಆಡಿದರು. 2009ರಲ್ಲಿ ಬಿಸಿಸಿಐ ಕ್ಷಮಾದಾನ ನೀಡಿದ ಮೇಲೆ ಕರ್ನಾಟಕಕ್ಕೆ ಮರಳಿ, 2013–14ರಲ್ಲಿ ರಣಜಿ ಗೆದ್ದ ತಂಡದಲ್ಲಿದ್ದರು.

ಭಾರತ ತಂಡಕ್ಕೆ ಕರೆ ಬಂದಾಗ ತಂದೆ ಆಯ್ಕೆ ಸಮಿತಿಯಲ್ಲಿದ್ದರು. ಮಗನ ಹೆಸರು ಚರ್ಚೆಗೆ ಬಂದಾಗ ಅವರು ಹೊರಗೆದ್ದು ಹೋಗುತ್ತಿದ್ದರೂ ಸ್ವಜನಪಕ್ಷಪಾತದ ಮಾತು ನಿಲ್ಲಲಿಲ್ಲ. ಅದಕ್ಕೆ ಉತ್ತರ ಸಿಕ್ಕಿದ್ದು ಮೈದಾನದಲ್ಲೇ: 2014ರ ಜೂನ್ 17ರಂದು ಮೀರ್‌ಪುರದಲ್ಲಿ ಬಾಂಗ್ಲಾದೇಶದ ವಿರುದ್ಧ 4 ರನ್ನಿಗೆ 6 ವಿಕೆಟ್! ಏಕದಿನ ಪಂದ್ಯಗಳಲ್ಲಿ ಭಾರತೀಯ ಬೌಲರ್‌ನ ಶ್ರೇಷ್ಠ ಸಾಧನೆಯಾಗಿದ್ದ ಅನಿಲ್ ಕುಂಬ್ಳೆಯವರ 1993ರ ದಾಖಲೆ (12ಕ್ಕೆ 6) ಅಳಿಸಿತು. ಈ ಹೊಸ ದಾಖಲೆ 2023ರವರೆಗೆ ಉಳಿಯಿತು. ಮರುತಿಂಗಳು ಟ್ರೆಂಟ್‌ಬ್ರಿಜ್‌ನ ಚೊಚ್ಚಲ ಟೆಸ್ಟ್‌ನಲ್ಲಿ 78 ರನ್ ಹೊಡೆದು ಪಂದ್ಯ ಡ್ರಾ ಆಗಲು ನೆರವಾದರು.

ಆದರೆ ಜನರ ನೆನಪಿನಲ್ಲಿ ಹೆಚ್ಚು ಉಳಿದದ್ದು 2016ರಲ್ಲಿ ಫ್ಲೋರಿಡಾದಲ್ಲಿ ವೆಸ್ಟ್ ಇಂಡೀಸ್‌ನ ಎವಿನ್ ಲೂಯಿಸ್ 32 ರನ್ ಚಚ್ಚಿದ ಒಂದೇ ಓವರ್, ಇದು ನ್ಯಾಯವಲ್ಲ. ಕೊನೆಗೆ ನಾಗಾಲ್ಯಾಂಡ್ ಪರವಾಗಿಯೂ ಆಡಿ, 2021ರ ಆಗಸ್ಟ್‌ನಲ್ಲಿ ನಿವೃತ್ತರಾದರು. ಭಾರತದ ಪರ 6 ಟೆಸ್ಟ್, 14 ಏಕದಿನ, 3 ಟಿ20 ಪಂದ್ಯಗಳನ್ನು ಆಡಿದ್ದಾರೆ.