ಶ್ರೀರಾಮಪುರದ ಶನಿವಾರದ ಸಂಜೆ



ಕ್ರೈಸ್ತ ಮಿಶನರಿಗಳ ವೃತ್ತಾಂತವು ನಮ್ಮ ಮಠದ ಪತ್ರಿಕೆಯಲ್ಲೇಕೆ ಎಂದು ತಮ್ಮಲ್ಲಿ ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಅವರು ಆಡಿದ್ದೆಲ್ಲವನ್ನೂ ಮಾಡಿದ್ದೆಲ್ಲವನ್ನೂ ನಾವು ಒಪ್ಪಬೇಕಾಗಿಲ್ಲ. ಈ ದೇಶದ ದೇವರುಗಳನ್ನೂ ಆಚಾರಗಳನ್ನೂ ಕುರಿತು ಅವರು ಬರೆದ ಮಾತುಗಳಲ್ಲಿ ಕಟುವಾದವು ಬಹಳ ಉಂಟು. ಆದರೆ ಮನೆಮಾರು ಬಿಟ್ಟು ಸಮುದ್ರ ದಾಟಿ ಬಂದವರು, ಹೇಳುವವರೂ ಕೇಳುವವರೂ ಇಲ್ಲದ ಊರಿನಲ್ಲಿ ತಮ್ಮನ್ನು ತಾವು ಹೇಗೆ ನಿಯಮದಲ್ಲಿಟ್ಟುಕೊಂಡರು, ಎಲ್ಲಿ ಎಡವಿದರು ಎಂಬುದು ಗುರು-ಶಿಷ್ಯ ಪರಂಪರೆಯಲ್ಲಿ ಬೆಳೆದ ನಾವು ಅರಿಯತಕ್ಕ ವಿಷಯವೇ ಆಗಿದೆ.

1792ರ ಅಕ್ಟೋಬರದಲ್ಲಿ ಇಂಗ್ಲೆಂಡಿನ ಕೆಟರಿಂಗ್ ಎಂಬ ಊರಿನಲ್ಲಿ ಕೆಲವು ಬ್ಯಾಪ್ಟಿಸ್ಟ್ ಬೋಧಕರು ಕೂಡಿ ಒಂದು ಮಿಶನ್ ಸಂಘವನ್ನು ಕಟ್ಟಿದರು. ಅಂದು ಕೂಡಿದ ವಂತಿಗೆ ಹದಿಮೂರು ಪೌಂಡು ಚಿಲ್ಲರೆ. ಆಂಡ್ರೂ ಫುಲ್ಲರ್ ಎಂಬವರು ಕಾರ್ಯದರ್ಶಿಗಳಾದರು. ಮರುವರ್ಷ ಆ ಸಂಘದ ಪರವಾಗಿ ಬಂಗಾಳಕ್ಕೆ ಹೊರಟವರು ವಿಲಿಯಂ ಕೇರಿ. ಇವರು ಚಮ್ಮಾರಿಕೆಯ ಕಾಯಕದಿಂದ ಬಂದವರೆಂಬುದನ್ನು ಶರಣರ ಸಂತತಿಯವರಾದ ನಾವು ಗಮನಿಸದಿರಲಾರೆವು. ಗಣಿಯೊಳಗೆ ತಾನು ಇಳಿಯುವೆನೆಂದೂ, ಮೇಲಿದ್ದವರು ಹಗ್ಗವನ್ನು ಬಿಡದೆ ಹಿಡಿದಿರಬೇಕೆಂದೂ ಕೇರಿಯವರು ಗೆಳೆಯರಿಂದ ವಚನ ಪಡೆದರೆಂದು ಪ್ರತೀತಿ.

ಹಗ್ಗ ಹಿಡಿದವರು ಇಂಗ್ಲೆಂಡಿನಲ್ಲಿ ಉಳಿದರು. ಹಡಗಿನಲ್ಲಿ ಜೊತೆಗೆ ಬಂದ ಹಿರಿಯ ಒಬ್ಬನೇ. ಆತ ಜಾನ್ ಥಾಮಸ್ ಎಂಬ ವೈದ್ಯ. ಬಂಗಾಳವನ್ನು ಮೊದಲೇ ಕಂಡವನು, ದಾರಿಯಲ್ಲಿ ಕೇರಿಯವರಿಗೆ ಬಂಗಾಳಿ ಕಲಿಸಿದವನು, ಹೃದಯವಂತ. ಆದರೆ ಹಣದ ವಿಷಯದಲ್ಲಿ ಹಿಡಿತವಿಲ್ಲದವನು. ಹಳೆಯ ಸಾಲಗಾರರು ಕಲಕತ್ತೆಯಲ್ಲಿ ಕಾದಿದ್ದರು. ತಂದ ಹಣ ಕೆಲವೇ ದಿನಗಳಲ್ಲಿ ಕರಗಿತು. ಆತನನ್ನು ಲೆಕ್ಕ ಕೇಳುವವರು ಅಲ್ಲಿ ಯಾರಿದ್ದರು? ಕೇರಿಯವರು ಹೆಂಡತಿ ಮಕ್ಕಳೊಡನೆ ಅಲೆದು, ಕೊನೆಗೆ ಮುದ್ನಾಬಾಟಿಯ ನೀಲಿ ಕಾರಖಾನೆಯಲ್ಲಿ ಮೇಲ್ವಿಚಾರಕರಾಗಿ ನಿಂತರು. 1794ರಲ್ಲಿ ಪೀಟರ್ ಎಂಬ ಎಳೆಯ ಮಗ ತೀರಿಕೊಂಡನು. ಪತ್ನಿ ಡೊರೊಥಿಗೆ ಬುದ್ಧಿಭ್ರಮಣೆಯಾಯಿತು; ಆ ತಾಯಿ 1807ರಲ್ಲಿ ಸಾಯುವವರೆಗೂ ಚೇತರಿಸಿಕೊಳ್ಳಲಿಲ್ಲ. ಮಿಶನ್ನಿನ ಚರಿತ್ರೆ ಬರೆದವರಲ್ಲಿ ಅನೇಕರು ಈಕೆಯನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುವುದು ನನಗೆ ಸರಿಯೆನಿಸುವುದಿಲ್ಲ.

1799ರಲ್ಲಿ ಜೋಶುವಾ ಮಾರ್ಷ್‌ಮನ್, ಅವರ ಪತ್ನಿ ಹನ್ನಾ, ಮುದ್ರಣಕಾರ ವಿಲಿಯಂ ವಾರ್ಡ್ ಮೊದಲಾದವರು ಬಂದಿಳಿದರು. ಕಂಪನಿ ಸರಕಾರವು ಮಿಶನರಿಗಳನ್ನು ಸಹಿಸುತ್ತಿರಲಿಲ್ಲವಾದ್ದರಿಂದ, ಹೂಗ್ಲಿಯ ದಂಡೆಯಲ್ಲಿ ಡೇನರ ಅಧೀನದಲ್ಲಿದ್ದ ಶ್ರೀರಾಮಪುರದಲ್ಲಿ ಬೀಡುಬಿಟ್ಟರು. 1800ರ ಜನವರಿಯಲ್ಲಿ ಕೇರಿಯವರೂ ಬಂದು ಸೇರಿದರು. ಥಾಮಸನ ಅನುಭವವು ಅವರ ಕಣ್ಣ ಮುಂದಿದ್ದಿತು. ಆದ್ದರಿಂದಲೇ ಆಗಬಹುದು, ಅವರು ಮೊದಲು ಮಾಡಿದ ಕೆಲಸ ಮನೆಯ ಕಟ್ಟುಪಾಡು. ಕುಟುಂಬಗಳೆಲ್ಲ ಒಂದೇ ಪಂಕ್ತಿಯಲ್ಲಿ ಉಣ್ಣಬೇಕು. ಗಳಿಕೆಯೆಲ್ಲ ಒಂದೇ ಬೊಕ್ಕಸಕ್ಕೆ ಬೀಳಬೇಕು. ಸ್ವಂತಕ್ಕೆಂದು ಯಾರೂ ವ್ಯಾಪಾರ ಮಾಡಕೂಡದು. ಮನೆವಾರ್ತೆಯ ಯಜಮಾನಿಕೆ ತಿಂಗಳಿಗೊಬ್ಬರದು. ಶನಿವಾರದ ಸಂಜೆಯನ್ನಂತೂ ಒಂದೇ ಕಾರ್ಯಕ್ಕೆ ಮೀಸಲಿಟ್ಟರು: ವಾರದಲ್ಲಿ ಒಬ್ಬರ ಮೇಲೊಬ್ಬರಿಗೆ ಹುಟ್ಟಿದ ಅಸಮಾಧಾನವನ್ನು ಎದುರುಬದುರು ಕುಳಿತು ಹೇಳಿ ತೀರಿಸಿಕೊಳ್ಳುವುದು. ಭಾನುವಾರದ ಪ್ರಾರ್ಥನೆಗೆ ಮನಸ್ಸಿನ ಕಸ ಉಳಿಯಬಾರದೆಂಬುದು ಉದ್ದೇಶ.

1801ರಲ್ಲಿ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಕೇರಿಯವರಿಗೆ ತಿಂಗಳಿಗೆ 500 ರೂಪಾಯಿಯ ಅಧ್ಯಾಪಕ ಪದವಿ ದೊರೆಯಿತು. ಅದರಲ್ಲಿ ಅಲ್ಪಾಂಶ ಮಾತ್ರ ಅವರ ಕೈಗೆ, ಮಿಕ್ಕದ್ದೆಲ್ಲ ಬೊಕ್ಕಸಕ್ಕೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಾಯಿ ಅದನ್ನು ಮರಳಿಸಿದ ಪ್ರಸಂಗ ತಮಗೆ ನೆನಪಾದೀತು. ತತ್ತ್ವ ಬೇರೆಯಾದರೂ ತಡೆಯುವ ಕೈ ಮನೆಯೊಳಗೇ ಇದ್ದದ್ದು ಎರಡೂ ಕಡೆ ಒಂದೇ.

1805ರಲ್ಲಿ ಇವರು ಹನ್ನೊಂದು ಕಲಮುಗಳ ಒಂದು ಒಪ್ಪಂದವನ್ನು ಬರೆದುಕೊಂಡರು. ಜನವರಿ, ಮೇ, ಅಕ್ಟೋಬರ ತಿಂಗಳುಗಳ ಮೊದಲ ಭಾನುವಾರ ಪ್ರತಿಯೊಂದು ಠಾಣೆಯಲ್ಲಿಯೂ ಅದನ್ನು ಎಲ್ಲರೆದುರು ಓದತಕ್ಕದ್ದೆಂದು ನಿಯಮ. ತೊಟ್ಟ ಬಟ್ಟೆಯನ್ನೂ ತಮ್ಮದೆಂದು ಎಣಿಸಬಾರದು. ಈ ದೇಶದ ಸಹೋದರರನ್ನು ತಾಳ್ಮೆಯಿಂದ ತಿದ್ದಿ ಬೆಳೆಸಿ, ಕಾರ್ಯಭಾರವನ್ನು ಅವರ ಕೈಗೇ ಒಪ್ಪಿಸಬೇಕು ಎಂಬ ಭಾವಗಳು ಅದರಲ್ಲಿ ಇವೆ.

ತಿದ್ದಿ ಬೆಳೆಸುವುದಕ್ಕೆ ನಿದರ್ಶನವಾಗಿ ಕೇರಿಯವರ ಹಿರಿಯ ಮಗ ಫೆಲಿಕ್ಸನ ಸಂಗತಿ ಹೇಳಬೇಕು. ತಾಯಿಗೆ ಭ್ರಮೆ, ತಂದೆಗೆ ಪುಸ್ತಕ. ಹುಡುಗ ಹದಗೆಟ್ಟಿದ್ದನು. ಆತನನ್ನು ಹತ್ತಿರ ಕೂರಿಸಿಕೊಂಡು ಹಾದಿಗೆ ತಂದವರು ವಾರ್ಡ್. 1800ರ ಡಿಸೆಂಬರದಲ್ಲಿ ಬಡಗಿ ಕೃಷ್ಣಪಾಲನೊಡನೆ ಫೆಲಿಕ್ಸನೂ ಹೂಗ್ಲಿಯಲ್ಲಿ ದೀಕ್ಷಾಸ್ನಾನ ಪಡೆದನು. 1807ರಲ್ಲಿ ಬರ್ಮಾಕ್ಕೆ ಮಿಶನರಿಯಾಗಿ ಹೋದನು. ಅಲ್ಲಿ ಆತನ ಪಕ್ಕದಲ್ಲಿ ವಾರ್ಡ್ ಇರಲಿಲ್ಲ. ಬರ್ಮಾ ದೊರೆಯ ಸೇವೆಗೆ ಸೇರಿದನು. 1814ರಲ್ಲಿ ದೋಣಿ ಮಗುಚಿ ಹೆಂಡತಿ ಮಕ್ಕಳು ಐರಾವತಿಯ ಪಾಲಾದರು. ರಾಯಭಾರಿಯೆಂದು ಮೆರೆದು, ಆ ಪದವಿಯನ್ನೂ ಕಳೆದುಕೊಂಡು ಅಲೆಮಾರಿಯಾದನು. ತಂದೆ ನೊಂದುಕೊಂಡರು. ಕೊನೆಗೆ ಆತನನ್ನು ಕಂಡು ಮನವೊಲಿಸಿ 1818ರಲ್ಲಿ ಶ್ರೀರಾಮಪುರಕ್ಕೆ ಕರೆತಂದವರು ಮತ್ತೆ ಆ ವಾರ್ಡರೇ. ಫೆಲಿಕ್ಸನು 1822ರಲ್ಲಿ ತೀರಿಕೊಳ್ಳುವವರೆಗೆ ಬಂಗಾಳಿಯಲ್ಲಿ ವಿಜ್ಞಾನ ಗ್ರಂಥಗಳ ಕೆಲಸ ಮಾಡಿದನು. ಗುರುವಾದವನು ಒಮ್ಮೆ ತಿದ್ದಿದರೆ ಸಾಲದು, ಜಾರಿದವನನ್ನು ಹುಡುಕಿಕೊಂಡೂ ಹೋಗಬೇಕಾಗುತ್ತದೆ.

ನಮ್ಮ ನುಡಿಗೂ ಈ ಮನೆಯ ಸಂಬಂಧವುಂಟು. ಕೇರಿಯವರ ಕನ್ನಡ ವ್ಯಾಕರಣ, ಅವರ ಮಾತಿನಲ್ಲಿ 'ಕರ್ಣಾಟ ಭಾಷೆ'ಯ ವ್ಯಾಕರಣ, 1817ರಲ್ಲಿ ಶ್ರೀರಾಮಪುರದಲ್ಲಿಯೇ ಅಚ್ಚಾಯಿತು. ಆದರೆ ಆ ಹೊತ್ತಿಗಾಗಲೇ ಮನೆ ಬಿರುಕು ಬಿಡುತ್ತಿದ್ದಿತು.

1815ರ ಮೇ ತಿಂಗಳಲ್ಲಿ ಫುಲ್ಲರ್ ತೀರಿಕೊಂಡರು. ಅವರು ಕಾಗದದಲ್ಲಿ ಗದರಿಸಿದರೂ ಸ್ನೇಹಿತನ ಗದರಿಕೆಯಾಗಿರುತ್ತಿತ್ತು. ಅನಂತರ ಸಮಿತಿಗೆ ಬಂದವರಲ್ಲಿ ಬಹುಮಂದಿ ಕೇರಿಯವರ ಮುಖವನ್ನೇ ಕಂಡವರಲ್ಲ. ಶ್ರೀರಾಮಪುರದ ಆಸ್ತಿ ಯಾರ ಹೆಸರಿನಲ್ಲಿದೆ, ಅದರ ಮೇಲೆ ಅಧಿಕಾರ ಯಾರದು ಎಂದು ಅವರು ಕೇಳಿದರು. ಈ ಮೂವರು ತಮಗಾಗಿ ಐಶ್ವರ್ಯ ಕೂಡಿಹಾಕಿದ್ದಾರೆಂಬ ಅಪವಾದವೂ ಹಬ್ಬಿತು. ಗಳಿಸಿದ್ದನ್ನೆಲ್ಲ ಬೊಕ್ಕಸಕ್ಕೆ ಸುರಿದವರಿಗೆ ಅದು ಹೇಗೆ ನೊಂದಿರಬೇಡ!

ಆದರೆ ತಪ್ಪನ್ನೆಲ್ಲ ಇಂಗ್ಲೆಂಡಿನ ಸಮಿತಿಯ ಮೇಲೆ ಹೊರಿಸುವುದು ಸತ್ಯವಾಗದು. ಹೊಸದಾಗಿ ಬಂದ ಯುವಕರಿಗೆ, ಅವರಲ್ಲಿ ಕೇರಿಯವರ ಸೋದರನ ಮಗ ಯೂಸ್ಟೇಸನೂ ಒಬ್ಬ, ಹಿರಿಯರ ಆಳ್ವಿಕೆ, ಅದರಲ್ಲಿಯೂ ಮಾರ್ಷ್‌ಮನ್ನರ ಯಜಮಾನಿಕೆ, ಸಹ್ಯವಾಗಲಿಲ್ಲ. ಅವರು ಬೇರ್ಪಟ್ಟು ಕಲಕತ್ತೆಯಲ್ಲಿ ತಮ್ಮದೇ ಮಿಶನ್ ಹೂಡಿದರು. ಸಮಾನರಾಗಿ ಕುಳಿತು ಒಬ್ಬರನ್ನೊಬ್ಬರು ಪ್ರಶ್ನಿಸಿಕೊಂಡ ಮೂವರಿಗೆ, ಇಪ್ಪತ್ತು ವರ್ಷಗಳ ತರುವಾಯ ಕಿರಿಯರ ಪ್ರಶ್ನೆಯನ್ನು ಅದೇ ಮನಸ್ಸಿನಿಂದ ಕೇಳಿಸಿಕೊಳ್ಳಲಾಗಲಿಲ್ಲವೆಂದೇ ನನ್ನ ತಿಳಿವಳಿಕೆ. ಪ್ರಾಮಾಣಿಕನೆಂಬ ಅರಿವೇ ಮನುಷ್ಯನನ್ನು ಪ್ರಶ್ನೆಗೆ ಕಿವುಡನನ್ನಾಗಿ ಮಾಡಬಲ್ಲದು. ಮಠಗಳಲ್ಲಿ ಬೆಳೆದ ನಾವು ಈ ಮಾತನ್ನು ಅನ್ಯರ ಕಥೆಯೆಂದು ಓದಿ ಪುಟ ತಿರುವಬಾರದು.

1823ರಲ್ಲಿ ವಾರ್ಡ್ ಕಾಲರಾದಿಂದ ತೀರಿಕೊಂಡರು. 1827ರಲ್ಲಿ ಶ್ರೀರಾಮಪುರವೂ ಸಂಘವೂ ಅಧಿಕೃತವಾಗಿ ಬೇರೆಯಾದವು. 1834ರ ಜೂನಿನಲ್ಲಿ ಕೇರಿಯವರು ಕಣ್ಣುಮುಚ್ಚಿದರು. ಮತ್ತೆ ಕೂಡಿಕೊಳ್ಳುವ ಒಪ್ಪಂದವು 1837ರ ಡಿಸೆಂಬರದಲ್ಲಿ ಲಂಡನ್ನಿನಲ್ಲಾಯಿತು. ಅದೇ ತಿಂಗಳ 5ರಂದು ಮಾರ್ಷ್‌ಮನ್ನರು ಶ್ರೀರಾಮಪುರದಲ್ಲಿ ತೀರಿಕೊಂಡಿದ್ದರು. ಸುದ್ದಿಯನ್ನು ಹೊತ್ತ ಹಡಗು ಬಂಗಾಳವನ್ನು ಮುಟ್ಟಿದಾಗ, ಶನಿವಾರದ ಸಂಜೆ ಕೂಡುತ್ತಿದ್ದ ಆ ಮೂವರಲ್ಲಿ ಅದನ್ನು ಕೇಳಲು ಯಾರೂ ಉಳಿದಿರಲಿಲ್ಲ.