ಇವಿ ಚಾರ್ಜಿಂಗ್ ಆ್ಯಪ್‌ನಲ್ಲಿ ಸುಳ್ಳು ಸಮಯ ಹಾಕಿದರೆ ಗಾಡಿ ಬೇಗ ಚಾರ್ಜ್ ಆಗುತ್ತದೆಯೇ?

'ಹೊರಡುವ ಸಮಯ ಕೇಳಿದರೆ ನಾಲ್ಕು ಗಂಟೆ ಮುಂಚೆಯೇ ಹಾಕಿಬಿಡಿ, ನಿಮ್ಮ ಗಾಡಿಗೇ ಮೊದಲು ಕರೆಂಟ್ ಸಿಗುತ್ತದೆ.' ಎಲೆಕ್ಟ್ರಿಕ್ ವಾಹನ ಇಟ್ಟುಕೊಂಡವರಿಗೆ ಇಂಥ ಸಲಹೆ ಕೊಡುವವರು ಇರುತ್ತಾರೆ. ಇದರಲ್ಲಿ ಎಷ್ಟು ನಿಜ? ನೋಡೋಣ.

ಎಲ್ಲ ಕಡೆ ನಡೆಯುವುದಿಲ್ಲ

ಹೆದ್ದಾರಿ ಬದಿಯ ಫಾಸ್ಟ್ ಚಾರ್ಜರ್‌ಗಳಲ್ಲಿ ಸಾಮಾನ್ಯವಾಗಿ ಮೊದಲು ಬಂದವರಿಗೆ ಮೊದಲ ಸರದಿ. ವೇಗ ನಿರ್ಧಾರವಾಗುವುದು ಚಾರ್ಜರ್‌ನ ಸಾಮರ್ಥ್ಯ ಮತ್ತು ಬ್ಯಾಟರಿಯ ಸ್ಥಿತಿಯಿಂದ. ಸುಮಾರು ಶೇ. 80 ತುಂಬಿದ ಮೇಲೆ ವೇಗ ತಗ್ಗುತ್ತದೆ. ನಾವು ಏನು ಟೈಪ್ ಮಾಡಿದರೂ ಇದು ಬದಲಾಗದು.

ಆದರೆ ಹಲವು ವಾಹನಗಳು ಒಂದೇ ವಿದ್ಯುತ್ ಸಂಪರ್ಕ ಹಂಚಿಕೊಂಡರೆ, ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಕರೆಂಟ್ ಕೊಡುವಂತೆ, ಪಾಳಿ ಹಾಕಬೇಕಾಗುತ್ತದೆ. ಅಲ್ಲಿ ಸುಳ್ಳು ನಡೆಯಬಹುದು.

ನಷ್ಟ ಯಾರಿಗೆ?

ಕೂಡ್ಲಿಗಿಯ ಒಂದು ಲಾಡ್ಜ್‌ನಲ್ಲಿ 7 ಕಿಲೋವ್ಯಾಟ್ ಸಂಪರ್ಕವಿದೆ ಎಂದುಕೊಳ್ಳಿ. ರಾತ್ರಿ 8ಕ್ಕೆ ಎರಡು ಕಾರು ಬಂದವು. ಎರಡಕ್ಕೂ ತಲಾ 14 ಯೂನಿಟ್ ಬೇಕು. ಒಂದು ಹೊರಡುವುದು ರಾತ್ರಿ 10ಕ್ಕೆ, ಇನ್ನೊಂದು ಬೆಳಿಗ್ಗೆ 6ಕ್ಕೆ. ಇಬ್ಬರೂ ನಿಜ ಹೇಳಿದರೆ ಮೊದಲ ಕಾರು 10ಕ್ಕೆ, ಎರಡನೆಯದು 12ಕ್ಕೆ ತುಂಬುತ್ತದೆ. ಎರಡನೆಯವರೂ '10ಕ್ಕೆ ಹೊರಡುತ್ತೇನೆ' ಎಂದರೆ ಕರೆಂಟ್ ಇಬ್ಭಾಗವಾಗಿ, ಮೊದಲಿನವರು 7 ಯೂನಿಟ್‌ನಲ್ಲೇ ರಾತ್ರಿ ದಾರಿ ಹಿಡಿಯಬೇಕು. ಸುಳ್ಳು ಹೇಳಿದವರ ಕಾರು ಬೆಳಿಗ್ಗೆವರೆಗೂ ಅಲ್ಲೇ ನಿಂತಿರುತ್ತದೆ!

ನಿಜ ಹೇಳಿಸುವುದು ಹೇಗೆ?

ಬುದ್ಧಿವಾದಕ್ಕಿಂತ ದರ ಚೆನ್ನಾಗಿ ಕೆಲಸ ಮಾಡುತ್ತದೆ. 'ಈಗಲೇ ಬೇಕು' ಎಂದವರಿಗೆ ಹೆಚ್ಚು ದರ, 'ಬೆಳಿಗ್ಗೆಯೊಳಗೆ ಸಾಕು' ಎಂದವರಿಗೆ ಕಡಿಮೆ ದರ ಇಟ್ಟರೆ, ಅವಸರವಿಲ್ಲದವರು ಸುಳ್ಳು ಹೇಳಿ ದುಡ್ಡು ಕಳೆದುಕೊಳ್ಳುವುದಿಲ್ಲ. ಹೇಳಿದ ಸಮಯ ಮೀರಿ ಜಾಗ ಹಿಡಿದರೆ ಶುಲ್ಕ ವಿಧಿಸಬಹುದು. ನಿಜ ಹೇಳುವುದೇ ಲಾಭವಾಗುವಂತೆ ನಿಯಮ ರೂಪಿಸಬಹುದೆಂದು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲೇ ಹರಾಜುಗಳ ವಿಷಯದಲ್ಲಿ ತೋರಿಸಿದ್ದರು. 1996ರಲ್ಲಿ ಅವರಿಗೆ ನೊಬೆಲ್ ಬಂತು.

ತಪ್ಪು ಮಾಹಿತಿಯೆಲ್ಲ ಮೋಸವಲ್ಲ

ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯ ಪಾರ್ಕಿಂಗ್‌ನಲ್ಲಿ ಚಾಲಕರು ಬೇಕಾದ ಯೂನಿಟ್ ಮತ್ತು ಹೊರಡುವ ಸಮಯವನ್ನು ಆ್ಯಪ್‌ನಲ್ಲಿ ತಿಳಿಸುತ್ತಾರೆ. 2019ರಲ್ಲಿ ಪ್ರಕಟವಾದ ಅಲ್ಲಿನ ಅಂಕಿಅಂಶಗಳಲ್ಲಿ ಹೇಳಿದ್ದಕ್ಕೂ ನಡೆದದ್ದಕ್ಕೂ ಸಾಕಷ್ಟು ಅಂತರ ಕಂಡಿತು. ಅಂದಾಜು ತಪ್ಪುವುದು ಸಹಜ. ಆದ್ದರಿಂದ ಮೊದಲ ತಪ್ಪಿಗೇ ದಂಡ ಹಾಕುವ ಬದಲು, ಹಿಂದಿನ ಬಳಕೆ ನೋಡಿ ಆ್ಯಪ್ ತಾನೇ ಅಂದಾಜು ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಕೊನೆಯ ಮಾತು: ಸಲಹೆ ಅರ್ಧ ಸತ್ಯ. ಹೊರಡುವ ಸಮಯ ಬದಲಾದರೆ ಆ್ಯಪ್‌ನಲ್ಲೂ ಬದಲಿಸಿ, ಚಾರ್ಜ್ ಮುಗಿದರೆ ಗನ್ ತೆಗೆದು ಜಾಗ ಬಿಡಿ. ನಾಳೆ ರಾತ್ರಿ 10ಕ್ಕೆ ಹೊರಡಬೇಕಾದವರು ನೀವೇ ಆಗಿರಬಹುದು.